ಕೆಲಸವಿಲ್ಲದ ಹೆಂಗಸರು

ವೀಸಾ ಅರ್ಜಿ ತುಂಬುವ ದಿನ ಮಗ ಕಂಪ್ಯೂಟರಿನ ಮುಂದೆ ಕೂತು ನನ್ನನ್ನು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಿದ್ದ. ಹುಟ್ಟಿದ ಊರು, ಅಪ್ಪನ ಹೆಸರು, ಗಂಡನ ಹೆಸರು ಎಲ್ಲಕ್ಕೂ ಥಟ್ಟನೆ ಉತ್ತರ ಕೊಟ್ಟೆ. ‘ಉದ್ಯೋಗ?’ ಎಂದ. ಒಲೆಯ ಮೇಲಿದ್ದ ಹಾಲಿನ ಕಡೆ ಒಂದು ಕಣ್ಣಿಟ್ಟು, ‘ಮನೇಲಿರೋದು ಅಂತ ಬರಿ’ ಎಂದೆ. ‘ಹಾಗೆಲ್ಲ ಬರೆಯೋಕೆ ಬರಲ್ಲಮ್ಮ, ಇಲ್ಲಿ ಕೊಟ್ಟಿರೋದ್ರಲ್ಲೇ ಒಂದನ್ನ ಆರಿಸಬೇಕು’ ಎಂದವನು ಸ್ವಲ್ಪ ಹೊತ್ತು ತಡಕಾಡಿ, ಕೊನೆಗೆ ‘ನಿರುದ್ಯೋಗಿ’ ಎಂಬುದರ ಮುಂದೆ ಗುರುತು ಹಾಕಿದ. ಅಷ್ಟರಲ್ಲಿ ಹಾಲು ಉಕ್ಕಿತು. ಒಲೆ ಒರೆಸುತ್ತಾ ನನಗೆ ನಗು ಬಂತು. ಮೂವತ್ತೈದು ವರ್ಷ ಬೆಳಗಿನ ಐದಕ್ಕೆ ಎದ್ದ ನಿರುದ್ಯೋಗಿ!

ನಾನು ಹೊರಟಿದ್ದು ಮಗಳ ಬಾಣಂತನಕ್ಕೆ. ಲಂಡನ್ನಿನ ಪಶ್ಚಿಮದ ಅಂಚಿನಲ್ಲಿ ಅಕ್ಸ್‌ಬ್ರಿಜ್ ಎಂಬ ಊರಿದೆ. ನೆಲದಡಿಯ ರೈಲು ಅಲ್ಲಿಗೆ ಹೋಗಿ ನಿಂತುಬಿಡುತ್ತದೆ, ಮುಂದಕ್ಕೆ ಹಳಿಯಿಲ್ಲ. ಹಿಂದೆ ಅದು ಮಿಡ್ಲ್‌ಸೆಕ್ಸ್ ಸೀಮೆಯ ಸಂತೆಯ ಊರು. 1965ರಲ್ಲಿ ಲಂಡನ್ ಮಹಾನಗರದೊಳಗೆ ಸೇರಿತು. ಸೇರಿದರೂ ಪೂರಾ ಕರಗಿಲ್ಲ. ಗಂಡನ ಮನೆಗೆ ಬಂದು ಎಷ್ಟು ವರ್ಷವಾದರೂ ತವರಿನ ಮಾತಿನ ರಾಗ ಬಿಡದ ಸೊಸೆಯ ಹಾಗೆ ತನ್ನದೊಂದು ಹಳೆಯ ಚಹರೆಯನ್ನು ಉಳಿಸಿಕೊಂಡಿದೆ.

ಮಗು ಹುಟ್ಟಿದ್ದು ಮೇ ತಿಂಗಳಲ್ಲಿ. ನಾನು ಬೆಳ್ಳುಳ್ಳಿ, ಮೆಣಸು, ಕಿವಿಗೆ ಹತ್ತಿ, ತಲೆಗೆ ಬಟ್ಟೆ ಎಂದು ಸಿದ್ಧಳಾಗಿದ್ದರೆ, ಮನೆಗೆ ಬಂದು ನೋಡಿಹೋಗುವ ನರ್ಸಮ್ಮ ‘ಮಗುವನ್ನು ಗಾಡಿಯಲ್ಲಿ ಮಲಗಿಸಿಕೊಂಡು ದಿನಾ ಸ್ವಲ್ಪ ನಡೆಯಿರಿ’ ಎಂದು ಹೇಳಿಹೋದಳು. ಹಸಿ ಬಾಣಂತಿ ಬೀದಿ ಸುತ್ತುವುದೆಂದರೇನು! ನಾನು ಒಂದು ವಾರ ಮುಖ ಊದಿಸಿಕೊಂಡಿದ್ದೆ. ಆಮೇಲೆ ನಾನೇ ಶೂ ಹಾಕಿಕೊಂಡು, ಸೀರೆಯ ಮೇಲೆ ಸ್ವೆಟರು ತೊಟ್ಟು, ಗಾಡಿಯ ಹಿಂದೆ ಹೊರಟೆ.

ಊರೇನೂ ದೊಡ್ಡದಲ್ಲ, ಮೊದಲೆರಡು ವಾರದಲ್ಲಿ ನಡೆದೇ ನೋಡಿದೆವು. ರೈಲು ನಿಲ್ದಾಣವೇ ನಿಂತು ನೋಡುವಂತಿದೆ. ಆ ಊರಿಗೆ ಈ ರೈಲು ಬಂದದ್ದು 1904ರಲ್ಲಿ; ಈಗಿರುವ ಕಟ್ಟಡ 1938ರದು, ಚಾರ್ಲ್ಸ್ ಹೋಲ್ಡನ್ ಎಂಬ ವಾಸ್ತುಶಿಲ್ಪಿಯ ಕೈಯದು. ಒಳಗಿನ ಬಣ್ಣದ ಗಾಜಿನ ಕಿಟಕಿಗಳನ್ನು ಮಾಡಿದವನು ಹಂಗೇರಿ ಮೂಲದ ಎರ್ವಿನ್ ಬೊಸ್ಸಾನಿ ಎಂಬ ಕಲಾವಿದ. ಗುಡಿಯಲ್ಲಿರಬೇಕಾದಂಥ ಗಾಜನ್ನು ಟಿಕೆಟ್ಟಿಗೆ ಓಡುವವರ ತಲೆಯ ಮೇಲೆ ಕೂರಿಸಿದ್ದಾರಲ್ಲ ಎನಿಸಿತು.

ನಿಲ್ದಾಣದಿಂದ ಹೊರಬಿದ್ದರೆ ಬೀದಿಯ ಆಚೆ ಬದಿಯಲ್ಲೇ ಮಾರ್ಕೆಟ್ ಹೌಸ್. 1789ರ ಕಟ್ಟಡ. ಸಾಲು ಕಂಬಗಳ ಮೇಲೆ ಇಟ್ಟಿಗೆಯ ಮಹಡಿ. ಕೆಳಗೆ ಒಂದು ಕಾಲಕ್ಕೆ ಧಾನ್ಯದ ಮಂಡಿ. ಸುತ್ತಣ ಹಳ್ಳಿಗಳ ಗೋಧಿ ಇಲ್ಲಿಗೆ ಬರುತ್ತಿತ್ತು, ಊರಿನ ನೀರುಗಿರಣಿಗಳಲ್ಲಿ ಹಿಟ್ಟಾಗಿ ಲಂಡನ್ನಿಗೆ ಹೋಗುತ್ತಿತ್ತು. ಈಗ ಕೆಳಗೆ ಅಂಗಡಿಗಳು. ಅದರ ಬೆನ್ನಿಗೇ ಸೇಂಟ್ ಮಾರ್ಗರೆಟ್ ಚರ್ಚು, ಇನ್ನೂ ಮೂರು ನಾಲ್ಕು ಶತಮಾನ ಹಳೆಯದು. ಸಂತೆ ಮುಂದೆ, ದೇವರು ಹಿಂದೆ. ನಮ್ಮ ಕಡೆಯ ಪೇಟೆ ಬೀದಿಗಳನ್ನು ಕಂಡವರಿಗೆ ಇದೇನೂ ಹೊಸದಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಆಕ್ಸ್‌ಫರ್ಡ್ ರಸ್ತೆಯ ಹಳೆಯ ಮನೆ. ಅದಕ್ಕೆ ‘ಕ್ರೌನ್ ಅಂಡ್ ಟ್ರೀಟಿ’ ಎಂದು ಹೆಸರು. ಹದಿನಾರನೆಯ ಶತಮಾನದಲ್ಲಿ ದೊಡ್ಡವರ ಬಂಗಲೆಯಾಗಿದ್ದು ಮುಂದೆ ಪಾನಗೃಹವಾಯಿತು. 1645ರಲ್ಲಿ ದೊರೆ ಒಂದನೆಯ ಚಾರ್ಲ್ಸನ ಕಡೆಯವರೂ ಅವನ ವಿರುದ್ಧ ಯುದ್ಧ ಹೂಡಿದ್ದ ಪಾರ್ಲಿಮೆಂಟಿನ ಕಡೆಯವರೂ ಇದೇ ಮನೆಯಲ್ಲಿ ಎದುರುಬದುರು ಕೂತು ಸುಮಾರು ಮೂರು ವಾರ ಸಂಧಾನ ನಡೆಸಿದರು. ಸಂಧಾನ ಮುರಿಯಿತು, ಯುದ್ಧ ಮುಂದುವರಿಯಿತು, ನಾಲ್ಕು ವರ್ಷ ಕಳೆದು ದೊರೆಯ ತಲೆಯೇ ಹೋಯಿತು. ಆ ಕೋಣೆಯ ಗೋಡೆಗಳ ಕೆತ್ತನೆಯ ಮರದ ಹಲಗೆಗಳನ್ನು 1924ರಲ್ಲಿ ಅಮೆರಿಕದ ವ್ಯಾಪಾರಿಯೊಬ್ಬನಿಗೆ ಮಾರಿಬಿಟ್ಟಿದ್ದರು. ಅವು ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದಲ್ಲಿದ್ದು, 1953ರಲ್ಲಿ ಎಲಿಜಬೆತ್ ರಾಣಿಯ ಪಟ್ಟಾಭಿಷೇಕದ ಉಡುಗೊರೆಯಾಗಿ ಮತ್ತೆ ಇದೇ ಗೋಡೆಗೆ ಬಂದವು. ಮಗಳು ಈ ಕಥೆ ಹೇಳುತ್ತಿದ್ದರೆ ನನ್ನ ತಲೆಯಲ್ಲಿ ಬೇರೆಯೇ ಪ್ರಶ್ನೆ. ‘ಮೂರು ವಾರ ಅಷ್ಟು ಜನಕ್ಕೆ ಬೇಯಿಸಿ ಬಡಿಸಿದವರು ಯಾರೇ?’ ಎಂದೆ. ‘ಅದನ್ನ ಯಾರಮ್ಮ ಬರೆದಿಟ್ಟಿರ್ತಾರೆ?’ ಎಂದು ನಕ್ಕಳು. ಹಲಗೆಗಳು ಹೋಗಿಬಂದ ದಾರಿ ಗೊತ್ತು, ಅಡುಗೆ ಮಾಡಿದವರ ಹೆಸರು ಗೊತ್ತಿಲ್ಲ.

ಆ ಮನೆಯಿಂದ ಸ್ವಲ್ಪ ಮುಂದೆ ಹೋದರೆ ರಸ್ತೆ ಸೇತುವೆ ಹತ್ತುತ್ತದೆ, ಸೇತುವೆಯ ಕೆಳಗೆ ಕಾಲುವೆ. ಪಕ್ಕದ ಮೆಟ್ಟಿಲಿಳಿದರೆ ಮೇಲಿನ ವಾಹನಗಳ ಗದ್ದಲವೆಲ್ಲ ಬಾಗಿಲು ಮುಚ್ಚಿದ ಹಾಗೆ ಹಿಂದುಳಿಯುತ್ತದೆ. ಹಸಿರು ಬಣ್ಣದ ನಿಧಾನದ ನೀರು. ದಡದಲ್ಲಿ ನೀರಿಗೆ ಬಾಗಿದ ಮರಗಳು, ಮುಳ್ಳಿನ ಪೊದೆಗಳು. ಒಂಟಿಕಾಲಿನಲ್ಲಿ ನಿಂತ ಬೂದು ಬಕ. ಹಣೆಗೆ ಬಿಳಿ ನಾಮವಿಟ್ಟುಕೊಂಡು ಮರಿಗಳ ಹಿಂದೆ ಓಡಾಡುವ ನಾಮದ ಕೋಳಿ. ಇವೆರಡೂ ನಮ್ಮ ಕೆರೆಗಳಲ್ಲೂ ಇರುವವೇ. ಪರದೇಶದಲ್ಲಿ ಪಕ್ಕದ ಬೀದಿಯವರು ಸಿಕ್ಕಷ್ಟು ಸಂತೋಷವಾಯಿತು.

ನಾನು ಮಂಡ್ಯದವಳು, ವಿಶ್ವೇಶ್ವರಯ್ಯ ನಾಲೆಯ ನೀರು ಕಂಡು ಬೆಳೆದವಳು. ‘ಈ ನೀರು ಯಾವ ಗದ್ದೆಗೆ ಹೋಗುತ್ತೆ?’ ಎಂಬುದೇ ನನ್ನ ಮೊದಲ ಪ್ರಶ್ನೆ. ಅದು ಯಾವ ಗದ್ದೆಗೂ ಹೋಗುವುದಿಲ್ಲವಂತೆ! ಅದನ್ನು ತೋಡಿದ್ದು ದೋಣಿ ಓಡಿಸುವುದಕ್ಕೆ. 1793ರಲ್ಲಿ ಪಾರ್ಲಿಮೆಂಟು ಒಪ್ಪಿಗೆ ಕೊಟ್ಟಿತು, ವಿಲಿಯಂ ಜೆಸೊಪ್ ಎಂಬ ಎಂಜಿನಿಯರ್ ನಿಂತು ತೋಡಿಸಿದ. 1794ರಲ್ಲಿ ಥೇಮ್ಸ್ ನದಿಯ ದಡದ ಬ್ರೆಂಟ್‌ಫರ್ಡಿನಿಂದ ಅಕ್ಸ್‌ಬ್ರಿಜ್‌ವರೆಗೆ ದೋಣಿ ಬಂತು. 1805ರ ಹೊತ್ತಿಗೆ ಇಂಗ್ಲೆಂಡಿನ ನಡುಭಾಗದವರೆಗೂ ದಾರಿ ತೆರೆಯಿತು. ಆಗ ಅದು ಗ್ರ್ಯಾಂಡ್ ಜಂಕ್ಷನ್ ಕಾಲುವೆ. 1929ರಿಂದ ಗ್ರ್ಯಾಂಡ್ ಯೂನಿಯನ್. ರೈಲು ಬರುವ ಮುಂಚೆ ಕಲ್ಲಿದ್ದಲು, ಇಟ್ಟಿಗೆ, ಮರ, ಹಿಟ್ಟು ಎಲ್ಲ ಇದರ ಮೇಲೆಯೇ. ದಡದ ಕಾಲುದಾರಿ ನಮ್ಮಂಥವರ ವಾಯುವಿಹಾರಕ್ಕೆಂದು ಮಾಡಿದ್ದಲ್ಲ, ದೋಣಿ ಎಳೆಯುವ ಕುದುರೆಗೆ ಮಾಡಿದ್ದು.

ಆ ದಾರಿಯಲ್ಲಿ ಉತ್ತರಕ್ಕೆ ನಡೆದರೆ ಅಕ್ಸ್‌ಬ್ರಿಜ್ ಲಾಕ್. ಕಾವಲಿನವನಿಗೆಂದು ಕಟ್ಟಿದ ಪುಟ್ಟ ಮನೆ, ಪಕ್ಕದಲ್ಲಿ ಗೂನುಬೆನ್ನಿನ ಹಳೆಯ ಸೇತುವೆ. ಕಾಲುದಾರಿ ಒಂದು ದಡದಿಂದ ಇನ್ನೊಂದಕ್ಕೆ ಹಾಯುವ ಕಡೆ, ಕುದುರೆಯ ಹಗ್ಗ ಬಿಚ್ಚದೆಯೇ ದಾಟಿಸಲು ಅಂಥ ಸೇತುವೆ ಕಟ್ಟುತ್ತಿದ್ದರಂತೆ. ಲಾಕ್ ಎಂದರೆ ದೋಣಿಗೆ ಮೆಟ್ಟಿಲು. ಮೇಲಿನ ನೀರಿಗೂ ಕೆಳಗಿನ ನೀರಿಗೂ ನಡುವೆ ಕಲ್ಲು ಇಟ್ಟಿಗೆಯ ಒಂದು ತೊಟ್ಟಿ. ಆ ತುದಿಗೆ, ಈ ತುದಿಗೆ ಜೋಡಿ ಮರದ ಬಾಗಿಲು. ದೋಣಿ ಕೆಳಗಿನಿಂದ ತೊಟ್ಟಿಗೆ ಬಂದಮೇಲೆ ಹಿಂದಿನ ಬಾಗಿಲು ಮುಚ್ಚಿ, ಮೇಲಿನ ತೂಬು ಎತ್ತುತ್ತಾರೆ. ನೀರು ತುಂಬಿದಂತೆ ದೋಣಿ ತಾನಾಗಿ ಮೇಲೇಳುತ್ತದೆ. ಯಂತ್ರವಿಲ್ಲ, ವಿದ್ಯುತ್ತಿಲ್ಲ; ನೀರಿನ ಭಾರವೇ ಬಾಗಿಲನ್ನು ಬಿಗಿಹಿಡಿಯುತ್ತದೆ, ನೀರೇ ದೋಣಿಯನ್ನೆತ್ತುತ್ತದೆ. ಇನ್ನೂರು ವರ್ಷ ದಾಟಿದರೂ ಇಂದಿಗೂ ಹೀಗೆಯೇ. ಮನುಷ್ಯ ಮಾಡಬೇಕಾದದ್ದು ಇಷ್ಟೆ: ತೂಬಿನ ಹಲ್ಲುಗಾಲಿಯನ್ನು ಕಬ್ಬಿಣದ ಹಿಡಿಯಿಂದ ತಿರುವುವುದು, ಬಾಗಿಲಿನ ಉದ್ದನೆಯ ತೊಲೆಗೆ ಬೆನ್ನು ಕೊಟ್ಟು ತಳ್ಳುವುದು.

ಅಲ್ಲಿ ಕಟ್ಟಿಹಾಕಿದ್ದ ದೋಣಿಯೊಂದರಲ್ಲಿ ಒಬ್ಬಳು ಹೆಂಗಸು ಇದ್ದಳು. ನನ್ನ ವಯಸ್ಸಿನವಳೇ ಇರಬೇಕು. ದೋಣಿಯೇ ಅವಳ ಮನೆ. ಸ್ವಂತದ ಕಟ್ಟುವ ಜಾಗವಿಲ್ಲದವರು ಹದಿನಾಲ್ಕು ದಿನಕ್ಕಿಂತ ಹೆಚ್ಚು ಒಂದೇ ಕಡೆ ನಿಲ್ಲುವಂತಿಲ್ಲವಂತೆ, ಹಾಗಾಗಿ ಅಲೆಯುತ್ತಲೇ ಇರುತ್ತಾಳೆ. ದೋಣಿಯ ಮೇಲೆ ಕುಂಡಗಳಲ್ಲಿ ಪುದೀನ, ಟೊಮೆಟೊ ಬೆಳೆಸಿದ್ದಳು. ಪುದೀನದ ನೆಪದಲ್ಲಿ ಮಾತಿಗೆ ಸಿಕ್ಕಳು. ನನ್ನ ಹರಕು ಇಂಗ್ಲಿಷು ನಿಂತಲ್ಲಿ ಮಗಳು ಕೈಕೊಡುತ್ತಿದ್ದಳು.

ಒಳಗೆ ಕರೆದು ತೋರಿಸಿದಳು. ಈ ಕಾಲುವೆಯ ದೋಣಿಗಳ ಉದ್ದ ಹೆಚ್ಚೆಂದರೆ 70 ಅಡಿಯ ಆಸುಪಾಸು, ಅಗಲ 7 ಅಡಿ. ಸರಕು ಸಾಗಿಸುತ್ತಿದ್ದ ಕಾಲದಲ್ಲಿ ಅಷ್ಟುದ್ದವೂ ಸರಕಿಗೆ. ಹಿಂದಿನ ಸುಮಾರು 10 ಅಡಿ ಮಾತ್ರ ಸಂಸಾರಕ್ಕೆ. ಅಷ್ಟರಲ್ಲೇ ಒಲೆ, ಕಪಾಟಿನ ಬಾಗಿಲು ಮಡಚಿದರೆ ಮೇಜು, ಅಡ್ಡಹಲಗೆ ಇಳಿಸಿದರೆ ಹಾಸಿಗೆ. ಗಂಡ, ಹೆಂಡತಿ, ಮಕ್ಕಳು ಎಲ್ಲ ಅದರಲ್ಲೇ. ರೈಲು ಬಂದು ಸಾಗಣೆಯ ದರ ಬಿದ್ದಮೇಲೆ ಬಹಳ ಮಂದಿ ಕೂಲಿಯಾಳು ಇಡಲಾಗದೆ, ದಡದ ಮನೆಯ ಬಾಡಿಗೆ ಕಟ್ಟಲಾಗದೆ ಹೆಂಡತಿ ಮಕ್ಕಳನ್ನೇ ದೋಣಿಗೆ ಹತ್ತಿಸಿಕೊಂಡರು. ಚುಕ್ಕಾಣಿ ಹಿಡಿಯುವವಳು ಅವಳು, ಲಾಕಿನ ಬಾಗಿಲು ತಳ್ಳುವವಳು ಅವಳು, ನಡುವೆ ಅಡುಗೆ, ಬಟ್ಟೆ, ಹೆರಿಗೆ. ಅಂಬೆಗಾಲಿನ ಮಗು ನೀರಿಗೆ ಬೀಳದಂತೆ ಸೊಂಟಕ್ಕೆ ಪಟ್ಟಿ ಬಿಗಿದು ದೋಣಿಯ ಮೇಲೆ ಕಟ್ಟುತ್ತಿದ್ದಳು. ದೋಣಿ ನಿಂತರೆ ದುಡ್ಡಿಲ್ಲ, ಹಾಗಾಗಿ ಮಕ್ಕಳಿಗೆ ಶಾಲೆಯೂ ಇಲ್ಲ. 1930ರಲ್ಲಿ ಅಕ್ಸ್‌ಬ್ರಿಜ್‌ಗೆ ಕೆಲವೇ ಮೈಲಿ ಕೆಳಗಿನ ಬುಲ್ಸ್ ಬ್ರಿಜ್ ಬಳಿ ಹಳೆಯ ದೋಣಿಯೊಂದನ್ನೇ ಶಾಲೆ ಮಾಡಿ, ದೋಣಿಯವರ ಮಕ್ಕಳಿಗೆ ಸಿಕ್ಕಷ್ಟು ದಿನ ಅಕ್ಷರ ಕಲಿಸಿದರು.

‘ಸಂಬಳ?’ ಎಂದೆ. ‘ಸಂಬಳ ಯಜಮಾನನ ಹೆಸರಿಗೆ’ ಎಂದಳು ಆ ಹೆಂಗಸು. ಟ್ರಿಪ್ಪಿಗಿಷ್ಟು, ಟನ್ನಿಗಿಷ್ಟು ಎಂದು ದೋಣಿಯ ಕ್ಯಾಪ್ಟನ್ನನಿಗೆ ಎಣಿಸಿಕೊಡುತ್ತಿದ್ದರು. ಹೆಂಡತಿಯ ದುಡಿಮೆ ಅದರೊಳಗೇ ಬಂತು, ಬೇರೆ ಲೆಕ್ಕವಿಲ್ಲ. ನಾನೂ ಮಗಳೂ ಮುಖ ಮುಖ ನೋಡಿಕೊಂಡೆವು.

ಹೊರಡುವಾಗ ಅವಳು ಇನ್ನೊಂದು ವಿಷಯ ಹೇಳಿದಳು. ಎರಡನೆಯ ಮಹಾಯುದ್ಧದಲ್ಲಿ ಗಂಡಸರ ಕೊರತೆಯಾದಾಗ ಸರಕು ದೋಣಿ ನಡೆಸಲು ಹೆಂಗಸರನ್ನು ತೆಗೆದುಕೊಂಡರು. ತರಬೇತಿ ಶುರುವಾಗುತ್ತಿದ್ದುದು ಅದೇ ಬುಲ್ಸ್ ಬ್ರಿಜ್‌ನಲ್ಲಿ. ಬಂದವರು ದೋಣಿಯ ಮನೆತನದವರಲ್ಲ. ಓದಿದ, ಅನುಕೂಲಸ್ಥ ಮನೆಯ ಹುಡುಗಿಯರು, ಒಬ್ಬಿಬ್ಬರು ಮಕ್ಕಳ ತಾಯಂದಿರು. ಅವರಿಗೊಂದು ಬಿಲ್ಲೆ ಕೊಟ್ಟಿದ್ದರು. ಒಳನಾಡ ಜಲಮಾರ್ಗ ಎಂಬ ಅರ್ಥದ ‘ಇನ್‌ಲ್ಯಾಂಡ್ ವಾಟರ್‌ವೇಸ್’ ಎಂಬುದರ ಮೊದಲಕ್ಷರಗಳು ಅದರ ಮೇಲೆ: ‘ಐ, ಡಬ್ಲ್ಯು’. ಜನ ಅದನ್ನು ‘ಐಡಲ್ ವಿಮೆನ್’ ಎಂದು ಬಿಡಿಸಿದರು. ಕೆಲಸವಿಲ್ಲದ ಹೆಂಗಸರು!

ನನಗೆ ಥಟ್ಟನೆ ಆ ಅರ್ಜಿಯ ಗುರುತು ಕಣ್ಮುಂದೆ ಬಂತು.

ಆ ರಾತ್ರಿಯದನ್ನು ಹೇಳಬೇಕು. ಎರಡು ಗಂಟೆಗೆ ಮಗು ಎದ್ದು ಅಳುತ್ತಿತ್ತು. ಹಾಲು ಕುಡಿಸಿ, ತೇಗು ಬರಿಸಿ, ಬಟ್ಟೆ ಬದಲಿಸಿ ಮಲಗಿಸುವ ಹೊತ್ತಿಗೆ ಬೆಳಕು ಹರಿಯಿತು. ಮಗಳು ಹಾಸಿಗೆಯ ಅಂಚಿನಲ್ಲಿ ಕೂತು ಸುಮ್ಮನೆ ಕಣ್ಣೀರು ಹಾಕುತ್ತಿದ್ದಳು. ‘ಏನಾಯ್ತು ಪುಟ್ಟಿ?’ ಎಂದರೆ, ‘ಆಫೀಸಲ್ಲಿ ದಿನಕ್ಕೆ ಎಷ್ಟು ಕೆಲಸ ಮುಗಿಸ್ತಿದ್ದೆ ನಾನು. ಈಗ ನೋಡಮ್ಮ, ಆರು ವಾರದಿಂದ ಏನೂ ಮಾಡಿಲ್ಲ’ ಎಂದಳು. ಅಳಿಯಂದಿರು ಒಳ್ಳೆಯವರೇ. ಆದರೆ ಅವರೂ ಸಂಜೆ ಬಂದು, ‘ಇವತ್ತು ಏನ್ ಮಾಡಿದ್ರಿ?’ ಎಂದು ಕೇಳುತ್ತಿದ್ದರು. ಪ್ರೀತಿಯಿಂದಲೇ ಕೇಳುತ್ತಿದ್ದರು. ಇವಳು ‘ಏನಿಲ್ಲ’ ಎನ್ನುತ್ತಿದ್ದಳು. ಆ ‘ಏನಿಲ್ಲ’ ಒಳಗೆ ಹೋಗಿ ಹೆಪ್ಪುಗಟ್ಟಿತ್ತೆಂದು ನನಗೆ ಆಗ ತಿಳಿಯಿತು. ಆ ಮಾತನ್ನು ಅವಳಿಗೆ ಕಲಿಸಿದವಳು ನಾನೇ ತಾನೆ? ಮೂವತ್ತೈದು ವರ್ಷ ಅವಳ ಅಪ್ಪನಿಗೆ ನಾನು ಕೊಟ್ಟ ಉತ್ತರವೂ ಅದೇ.

ಬುದ್ಧಿ ಹೇಳಲು ನನಗೆ ಬರಲಿಲ್ಲ. ಮಾರನೆಯ ದಿನ ಲೈಬ್ರರಿಗೆ ಹೋಗಿ, ಆ ದೋಣಿಯ ಹುಡುಗಿಯರ ಬಗ್ಗೆ ಪುಸ್ತಕ ಇದೆಯೇ ಕೇಳು ಎಂದೆ. ಎಮ್ಮಾ ಸ್ಮಿತ್ ಎಂಬಾಕೆ ಬರೆದ ‘ಮೇಡನ್ಸ್ ಟ್ರಿಪ್’ ಸಿಕ್ಕಿತು. ಇಪ್ಪತ್ತರ ಆಸುಪಾಸಿನಲ್ಲಿ ತಾನೇ ದೋಣಿ ನಡೆಸಿದ ಹುಡುಗಿ ಆಕೆ. ಪುಸ್ತಕ 1948ರಲ್ಲಿ ಬಂತು. ಅದಕ್ಕೂ ಒಂದು ವರ್ಷ ಮುಂಚೆ ಸೂಸನ್ ವುಲ್ಫಿಟ್ ಎಂಬಾಕೆ ತನ್ನ ನೆನಪುಗಳಿಗೆ ಆ ಅಡ್ಡಹೆಸರನ್ನೇ ಇಟ್ಟಿದ್ದಳು, ‘ಐಡಲ್ ವಿಮೆನ್’ ಎಂದು. ಮಗು ಹಾಲು ಕುಡಿಯುವಾಗ ಮಗಳು ಒಂದು ಕೈಯಲ್ಲಿ ಪುಸ್ತಕ ಹಿಡಿದು ಕನ್ನಡದಲ್ಲಿ ಹೇಳುತ್ತಾ ಹೋದಳು, ನಾನು ಸಣ್ಣಪುಟ್ಟ ಬಟ್ಟೆ ಮಡಚುತ್ತಾ ಕೇಳಿದೆ.

ಮೂವರು ಹೆಂಗಸರಿಗೆ ಜೋಡಿ ದೋಣಿ. ಮುಂದಿನದಕ್ಕೆ ಎಂಜಿನ್, ಅದು ಎಳೆಯುವ ಹಿಂದಿನ ದೋಣಿಗೆ ‘ಬಟ್ಟಿ’ ಎನ್ನುತ್ತಾರೆ. ಎರಡೂ ಸೇರಿ ಸುಮಾರು 50 ಟನ್ ಸರಕು. ಲಂಡನ್ನಿನಲ್ಲಿ ಉಕ್ಕು ಮುಂತಾದ್ದನ್ನು ತುಂಬಿಕೊಂಡು ಬರ್ಮಿಂಗ್‌ಹ್ಯಾಮಿಗೆ. ಅಲ್ಲಿ ಇಳಿಸಿ, ಕಾವೆಂಟ್ರಿ ಕಡೆಯ ಗಣಿಗಳಲ್ಲಿ ಕಲ್ಲಿದ್ದಲು ಹೇರಿಕೊಂಡು ವಾಪಸ್ಸು. ಒಂದು ಸುತ್ತಿಗೆ ಮೂರು ವಾರದಷ್ಟು ಕಾಲ. ಹೋಗುವ ದಾರಿಯೊಂದರಲ್ಲೇ 150ಕ್ಕೂ ಹೆಚ್ಚು ಲಾಕುಗಳು. ಮಳೆ, ಮಂಜು, ಮೈಯೆಲ್ಲ ಕಲ್ಲಿದ್ದಲ ಮಸಿ. ಬಂದವರಲ್ಲಿ ಬಹಳ ಮಂದಿ ತಾಳಲಾರದೆ ಬಿಟ್ಟುಹೋದರು. ಉಳಿದವರೂ ಯುದ್ಧ ಮುಗಿದಮೇಲೆ ಮನೆಗಳಿಗೆ ಹಿಂದಿರುಗಿದರು. ಆದರೆ ದೋಣಿಯಲ್ಲೇ ಹುಟ್ಟಿದ ಹೆಂಗಸರು ಎಲ್ಲಿಗೆ ಹೋಗುತ್ತಾರೆ? ಯುದ್ಧಕ್ಕೆ ಮುಂಚೆಯೂ ಆಮೇಲೂ ಅದೇ ಕೆಲಸ ಮಾಡಿದರು. ಅವರಿಗೆ ಬಿಲ್ಲೆಯೂ ಇಲ್ಲ, ಅಡ್ಡಹೆಸರೂ ಇಲ್ಲ, ಪುಸ್ತಕ ಬರೆಯಲು ಅಕ್ಷರವೂ ಇಲ್ಲ. 1948ರಲ್ಲಿ ಸರ್ಕಾರ ಕಾಲುವೆಗಳನ್ನು ವಹಿಸಿಕೊಂಡಿತು. 1962–63ರ ಚಳಿಗಾಲದಲ್ಲಿ ನೀರು ವಾರಗಟ್ಟಲೆ ಹೆಪ್ಪುಗಟ್ಟಿ ದೋಣಿಗಳು ನಿಂತಲ್ಲೇ ನಿಂತವು. ಅಲ್ಲಿಂದ ಮುಂದೆ ಸರಕು ಸಾಗಣೆ ಚೇತರಿಸಿಕೊಳ್ಳಲಿಲ್ಲ. ಸೌತಾಲಿನ ಜಾಮ್ ಕಾರ್ಖಾನೆಗೆ ಕಲ್ಲಿದ್ದಲು ತರುತ್ತಿದ್ದ ದೋಣಿಗಳೂ 1970ರಲ್ಲಿ ನಿಂತವು. ಹೆಂಗಸರ ಕೈಯ ಆ ದುಡಿಮೆ ಸದ್ದಿಲ್ಲದೆ ಮುಗಿಯಿತು.

ಮಗಳು ಪುಸ್ತಕ ಮುಚ್ಚಿ, ‘ಇಷ್ಟು ಮಾಡಿದವರೂ ಕೆಲಸವಿಲ್ಲದವರೇ ಆದ್ರಲ್ಲಮ್ಮ’ ಎಂದಳು. ಅವಳ ದನಿಯಲ್ಲಿ ಸ್ವಲ್ಪ ಸಿಟ್ಟಿತ್ತು. ಅಳುವಿಗಿಂತ ಸಿಟ್ಟು ವಾಸಿ ಎಂದುಕೊಂಡೆ.

ಅಕ್ಸ್‌ಬ್ರಿಜ್‌ನಲ್ಲೇ ಇನ್ನೊಂದು ಜಾಗವಿದೆ. ನೆಲದಿಂದ 60 ಅಡಿ ಕೆಳಗೆ, 76 ಮೆಟ್ಟಿಲಿಳಿದರೆ ಸಿಗುವ ಯುದ್ಧಕಾಲದ ನೆಲಮನೆ. 1940ರಲ್ಲಿ ಜರ್ಮನ್ ವಿಮಾನಗಳು ದಾಳಿ ಮಾಡುತ್ತಿದ್ದಾಗ ಆಗ್ನೇಯ ಇಂಗ್ಲೆಂಡಿನ ಆಕಾಶವನ್ನು ಕಾದದ್ದು ಇಲ್ಲಿಂದ. ಚರ್ಚಿಲ್ ಬಂದು ನೋಡಿದ್ದನ್ನು ಎಲ್ಲರೂ ಹೇಳುತ್ತಾರೆ. ನನ್ನ ಕಣ್ಣಿಗೆ ಬಿದ್ದದ್ದು ನಡುವಿನ ದೊಡ್ಡ ನಕ್ಷೆಯ ಮೇಜು. ಅದರ ಸುತ್ತ ನಿಂತು ಉದ್ದನೆಯ ಕೋಲುಗಳಿಂದ ವಿಮಾನಗಳ ಗುರುತುಗಳನ್ನು ನಿಮಿಷ ನಿಮಿಷಕ್ಕೂ ಸರಿಸುತ್ತಿದ್ದವರು ವಾಯುದಳದ ಹುಡುಗಿಯರು. ಆ ಗುರುತು ಒಂದು ಗೇಣು ತಪ್ಪಿದರೆ ಮೇಲೆ ಹಾರುವವನ ಪ್ರಾಣ ಹೋಗುತ್ತಿತ್ತು. ಈ ಊರಿನ ನೆಲದ ಕೆಳಗೂ ಹೆಂಗಸರು, ನೀರಿನ ಮೇಲೂ ಹೆಂಗಸರು.

ನಾನು ಹಿಂದಿರುಗುವ ಮುಂಚಿನ ವಾರ ಮತ್ತೆ ಲಾಕಿನ ಬಳಿ ಹೋದೆವು. ಪುದೀನದ ಹೆಂಗಸು ದೋಣಿ ಬಿಚ್ಚಿದ್ದಳು, ಅವಳ ಹದಿನಾಲ್ಕು ದಿನ ಮುಗಿದಿತ್ತು. ಒಬ್ಬಳೇ ದೋಣಿಯನ್ನು ತೊಟ್ಟಿಯೊಳಗೆ ತಂದು, ಮೆಟ್ಟಿಲು ಹತ್ತಿ, ಸೊಂಟದ ಪಟ್ಟಿಯಿಂದ ಕಬ್ಬಿಣದ ಹಿಡಿ ತೆಗೆದು ತೂಬು ಎತ್ತಿದಳು. ನನ್ನನ್ನು ನೋಡಿ, ಆ ಬದಿಯ ಬಾಗಿಲು ತಳ್ಳಿಕೊಡುತ್ತೀಯಾ ಎಂದು ಕೈಸನ್ನೆ ಮಾಡಿದಳು. ನಾನು ಸೆರಗು ಸಿಕ್ಕಿಸಿ, ಸೇತುವೆ ದಾಟಿ, ತೊಲೆಗೆ ಕೈಯಿಟ್ಟು ತಳ್ಳಿದೆ. ಅಲ್ಲಾಡಲಿಲ್ಲ. ಎರಡೂ ಕೈ ಹಾಕಿದೆ, ಅಲ್ಲಾಡಲಿಲ್ಲ. ‘ಈಗಲೇ ಬೇಡ, ಎರಡು ಕಡೆಯ ನೀರೂ ಸಮವಾಗಲಿ’ ಎಂದಳು ಆ ದಡದಿಂದ. ‘ಕೈಯಲ್ಲಿ ಅಲ್ಲ, ಹಿಂದೆ ತಿರುಗಿ ಕೂರುವ ಹಾಗೆ ಬೆನ್ನು ಕೊಡು’ ಎಂದು ಮಾಡಿ ತೋರಿಸಿದಳು.

ಕಾದೆವು. ತೊಟ್ಟಿಯ ನೀರು ಮೇಲಿನ ನೀರಿನ ಮಟ್ಟಕ್ಕೆ ಬಂದು ಸುಳಿಗಳು ಅಡಗಿದವು. ತೊಲೆಗೆ ಬೆನ್ನು ಆನಿಸಿ ಕಾಲೂರಿ ಒತ್ತಿದೆ. ಮೊದಲು ಏನೂ ಇಲ್ಲ. ಆಮೇಲೆ, ದೊಡ್ಡ ಎಮ್ಮೆಯೊಂದು ಮನಸ್ಸು ಮಾಡಿ ಮೇಲೆದ್ದ ಹಾಗೆ, ಆ ಬಾಗಿಲು ನಿಧಾನವಾಗಿ ಸರಿಯಿತು. ನನಗಿಂತ ಎಷ್ಟೋ ಪಟ್ಟು ಭಾರದ್ದು! ಅಷ್ಟಕ್ಕೆ ಇಷ್ಟು ಸಾಕಾಯಿತಲ್ಲ ಎಂದು ಆಶ್ಚರ್ಯವಾಯಿತು. ದೋಣಿ ಹೊರಗೆ ಬಂತು. ಆಕೆ ಒಂದು ಕುಂಡ ಪುದೀನ ನನ್ನ ಕೈಗಿಟ್ಟು, ಕೈಬೀಸಿ ಹೊರಟುಹೋದಳು. ಮಗಳು ಮಗುವನ್ನೆತ್ತಿ, ‘ನೋಡು, ಅಜ್ಜಿ ಬಾಗಿಲು ತೆಗೆದ್ರು’ ಎಂದಳು.

ಸಂಜೆ ಅಳಿಯಂದಿರು ಬಂದು ಎಂದಿನಂತೆ ‘ಏನ್ ಮಾಡಿದ್ರಿ ಇವತ್ತು?’ ಎಂದರು. ಮಗಳು ‘ಕೂತ್ಕೊಳಿ, ಹೇಳ್ತೀನಿ’ ಎಂದು ಬೆಳಗಿನ ಎರಡು ಗಂಟೆಯಿಂದ ಶುರು ಮಾಡಿದಳು. ಒಂದೊಂದನ್ನೂ ಬೆರಳು ಮಡಚಿ ಎಣಿಸಿದಳು. ಬೆರಳು ಸಾಲದೆ ಮಗುವಿನ ಬೆರಳನ್ನೂ ಮಡಚಿದಳು. ಅಳಿಯಂದಿರು ಟೈ ಸಡಿಲಿಸಿಕೊಂಡು ಸುಮ್ಮನೆ ಕೇಳುತ್ತಿದ್ದರು.

ಅಷ್ಟರಲ್ಲಿ ಮಂಡ್ಯದಿಂದ ನಮ್ಮವರ ಫೋನು. ಅಲ್ಲಿ ರಾತ್ರಿ ಹತ್ತೂವರೆ. ‘ಊಟ ಆಯ್ತು. ನೀನೇನ್ ಮಾಡ್ತಿದ್ದೀಯ?’ ಎಂದರು. ‘ಏನಿ...’ ಎಂದು ಬಾಯಿಗೆ ಬಂದದ್ದನ್ನು ಅಲ್ಲೇ ತಡೆದೆ.

‘ಸ್ವಲ್ಪ ಹೊತ್ತಿದೆಯಾ ನಿಮಗೆ?’ ಎಂದು ಕೇಳಿದೆ.